ಎರಡೇ ಸೀಟಿನ ಕಾರು ಯಾಕೆ ತಂದೆನೆಂದರೆ

ಸುನಿತಾ,

ಕಾಗದ ಬರೆಯುವಾಗ ಮೊದಲು ಕ್ಷೇಮ ಸಮಾಚಾರ ಕೇಳಬೇಕು ಎಂದು ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ನೀನು ಕ್ಷೇಮವಾಗಿದ್ದೀಯ ಎಂದು ನಿಮ್ಮಣ್ಣ ರಂಗಸ್ವಾಮಿ ದಿನಾ ಫೋನಿನಲ್ಲಿ ಹೇಳುತ್ತಾನೆ. ನಾನು ಕ್ಷೇಮವಾಗಿಲ್ಲ ಎಂದು ಅವನೇ ನಿನಗೂ ಹೇಳಿರುತ್ತಾನೆ. ಹಾಗಾಗಿ ಆ ಭಾಗ ಬಿಟ್ಟುಬಿಡೋಣ. ನಾನೇ ಫೋನು ಮಾಡಿದರೆ ನೀನು "ಊಂ, ಏಳಿ" ಅನ್ನುತ್ತೀಯ. ಹೇಳಬೇಕಾದದ್ದನ್ನು ಬಿಟ್ಟು, ಗೌರಿ ಹಸು ಹಾಲು ಕಡಿಮೆ ಮಾಡಿದೆ ಎಂದೇನೋ ಹೇಳಿ ಇಟ್ಟುಬಿಡುತ್ತೇನೆ. ಪಾಪ, ಆ ಹಸು ಚೆನ್ನಾಗಿಯೇ ಹಾಲು ಕೊಡುತ್ತಿದೆ. ಅದರ ಮೇಲೆ ಇನ್ನೆಷ್ಟು ದಿನ ಸುಳ್ಳು ಹೇಳುವುದು ಎಂದು ಈ ಕಾಗದ ಹಿಡಿದು ಕೂತಿದ್ದೇನೆ.

ಕಾರು ಬಂದ ದಿನ ನೀನು ಬಾಗಿಲಲ್ಲಿ ನಿಂತಿದ್ದು ಕಣ್ಣಿಗೆ ಕಟ್ಟಿದಂತಿದೆ. ಕೈಯಲ್ಲಿ ಆರತಿ ತಟ್ಟೆ ಇತ್ತು. ಕೆಂಪು ಬಣ್ಣದ, ಎರಡೇ ಬಾಗಿಲಿನ, ಹೊಟ್ಟೆ ನೆಲಕ್ಕೆ ತಾಗುವಂಥ ಆ ಕಾರಿನ ಸುತ್ತ ಒಂದು ಸುತ್ತು ಬಂದೆ. ಹಿಂದಿನ ಗಾಜಿನಲ್ಲಿ ಇಣುಕಿ ಸೀಟು ಹುಡುಕಿದೆ. ಇಲ್ಲ ಎಂದು ಗೊತ್ತಾದ ಮೇಲೆ ಆರತಿ ತಟ್ಟೆಯನ್ನು ಅವ್ವನ ಕೈಗೆ ಕೊಟ್ಟು ಕೊಟ್ಟಿಗೆಯ ಕಡೆ ಹೋದೆ. ಮರುದಿನ ಹಾಲು ಕರೆದು, ಡೈರಿಗೆ ಹಾಕಿ ಬಂದು, ಸ್ನಾನ ಮಾಡಿ, ಬ್ಯಾಗು ಹಿಡಿದು ನಿಂತೆ. "ಮುಗೀತು ಅಂತ ನೀವೊಬ್ರೇ ತೀರ್ಮಾನ ಮಾಡ್ಬುಟ್ರಿ. ನನ್ನೊಂದ್ ಮಾತು ಕೇಳ್ಬೇಕಿತ್ತು," ಎಂದಷ್ಟೇ ಹೇಳಿ ಕೆ.ಆರ್. ಪೇಟೆ ಬಸ್ಸು ಹತ್ತಿ ಹೊಸಹೊಳಲಿನ ನಿನ್ನ ತವರಿಗೆ ಹೊರಟುಬಿಟ್ಟೆ.

ಏನು ಮುಗಿಯಿತು ಎಂದು ನನಗೆ ಆಗ ಹೊಳೆಯಲಿಲ್ಲ. ನಾನು ಅಷ್ಟು ದಡ್ಡ ಎಂಬುದು ನಿನಗೆ ಗೊತ್ತಿರುವ ವಿಷಯವೇ. ಬಸ್ಸು ಹೋದ ಮೇಲೆ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡಿದ್ದ ಹೆಂಗಸರು ಕಾರು ನೋಡಿ ಮಾತಾಡಿಕೊಂಡಿದ್ದು ಕಿವಿಗೆ ಬಿತ್ತು. "ಅವ್ರಿಬ್ರಿಗೆ ಇನ್ನೆಷ್ಟು ಸೀಟು ಬೇಕವ್ವ? ಮಕ್ಕಳಾ, ಮರಿಯಾ?" ಅಂದರು ಒಬ್ಬರು. ಆಗ ಹೊಳೆಯಿತು. ನೀನೂ ಆ ಕಾರನ್ನು ನೋಡಿ ಅದನ್ನೇ ಅರ್ಥ ಮಾಡಿಕೊಂಡಿದ್ದೀಯ. ಇನ್ನು ನಮಗೆ ಮಗು ಆಗುವುದಿಲ್ಲ, ಆಗದಿದ್ದರೂ ಪರವಾಗಿಲ್ಲ ಎಂದು ಗಂಡ ಊರಿಗೆಲ್ಲ ಸಾರಿಬಿಟ್ಟ ಎಂದುಕೊಂಡಿದ್ದೀಯ. ಅಲ್ಲ ಸುನಿತಾ. ಯಾಕೆ ಅಲ್ಲ ಎಂದು ಹೇಳಬೇಕಾದರೆ ಬೇರೆ ಕಾರುಗಳನ್ನೆಲ್ಲ ಬಿಟ್ಟು ಇದನ್ನೇ ಯಾಕೆ ತಂದೆ ಎಂಬುದನ್ನು ಮೊದಲಿನಿಂದ ಹೇಳಬೇಕು. ಸ್ವಲ್ಪ ತಾಳ್ಮೆಯಿಂದ ಓದು.

ಊರಿನವರು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಹೇಳಿ ಸಾಗಹಾಕಿದ್ದೇನೆ. ಡೈರಿ ಸೆಕ್ರೆಟರಿಗೆ ಚಿಕ್ಕಂದಿನ ಆಸೆ ಎಂದೆ. ನಮ್ಮ ಚಿಕ್ಕಪ್ಪನ ಮಗ ಕುಮಾರನಿಗೆ ಸ್ಪೀಡು ನೋಡ್ಲಾ ಎಂದೆ. ಪಾಂಡವಪುರದ ಸರ್ಕಲ್ಲಿನಲ್ಲಿ ಅಡ್ಡ ಹಾಕಿದ ಪೊಲೀಸಿನವನಿಗೆ ಸೆಕೆಂಡ್ ಹ್ಯಾಂಡು ಸಾರ್ ಎಂದೆ, ಅದೊಂದು ಮಾತ್ರ ನಿಜ.

ಹೈವೇ ಪಕ್ಕ, ಶ್ರೀರಂಗಪಟ್ಟಣದ ಕಡೆ ಇದ್ದ ತುಂಡು ಜಮೀನಿಗೆ ಪರಿಹಾರ ಬಂದಾಗ ಹಳೇ ಸುಮೋ ಕೊಟ್ಟು ಬೇರೆ ಗಾಡಿ ತರೋಣ ಎಂದು ಮನೆಯಲ್ಲಿ ಮಾತಾಯಿತಲ್ಲ, ಆವತ್ತಿನಿಂದ ಪ್ರತಿಯೊಬ್ಬರೂ ನನ್ನ ಬದಲು ಕಾರು ಆರಿಸಲು ಶುರು ಮಾಡಿದರು. ಕುಮಾರ ಥಾರ್ ಜೀಪು ತಗೋ ಎಂದ. "ಅದ್ರಲ್ಲಿ ಕುಂತ್ರೆ ಗಂಡಸು ಅನ್ನುಸ್ತದೆ ಕಣಣ್ಣ" ಅಂದ. ಹತ್ತಿ ನೋಡಿದೆ. ಗಂಡಸು ಅನ್ನಿಸುವ ಮೊದಲು ಮಂಡಿ ನೋವು ಅನ್ನಿಸಿತು. ಅದೂ ಅಲ್ಲದೆ ಅದನ್ನು ತಂದರೆ ಓಡಿಸುವವನು ಕುಮಾರನೇ, ಡೀಸೆಲ್ ಹಾಕಿಸುವವನು ನಾನು. ಅವ್ವನಿಗೆ ಪಿಕಪ್ ಗಾಡಿ ಬೇಕಿತ್ತು, ಹಾಲಿನ ಕ್ಯಾನಿಗೂ ಆಯಿತು, ಹಸುವಿನ ಮೇವಿಗೂ ಆಯಿತು ಅಂತ. ಅದು ಬಂದಿದ್ದರೆ ಊರಿನ ಸಿಮೆಂಟು, ಶಾಮಿಯಾನ, ಅಡಿಗೆ ಪಾತ್ರೆ ಎಲ್ಲ ನನ್ನ ತಲೆಗೇ ಬರುತ್ತಿತ್ತು. ನಿಮ್ಮಣ್ಣ ಬಿಳೀ ಬಣ್ಣದ ಉದ್ದನೆಯ ಕಾರು ತೋರಿಸಿ, "ಮರ್ಯಾದಸ್ತರ ಗಾಡಿ ಕಣ್ ಭಾವ" ಎಂದ. ಸುಳ್ಳು ಹೇಳುವುದಿಲ್ಲ, ಅದನ್ನು ಓಡಿಸಿ ನೋಡಿದಾಗ ಮನಸ್ಸಾಗಿತ್ತು. ಒಳಗೆ ಕೂತರೆ ಮನೆಯ ಪಡಸಾಲೆಯಲ್ಲಿ ಕೂತ ಹಾಗೆ. ಅದನ್ನೇ ತರುವುದು ಎಂದು ಎರಡು ದಿನ ಅಂದುಕೊಂಡಿದ್ದೆ ಕೂಡ.

ನೀನು ಕೇಳಿದ್ದು ಏಳು ಸೀಟಿನದು. "ದೊಡ್ಡದೇ ತಗಳ್ಳಿ, ಯಾವತ್ತಾದ್ರೂ ಬೇಕಾಯ್ತದೆ" ಅಂದಿದ್ದೆ. ನೀನು ಅವರೆಕಾಯಿ ಬಿಡಿಸುತ್ತಾ ತಲೆ ಎತ್ತದೆ ಹೇಳಿದ ಆ ‘ಯಾವತ್ತಾದ್ರೂ’ ಎಂಬ ಮಾತಿನಲ್ಲಿ ಏನಿತ್ತು ಎಂದು ನಾನು ಯೋಚನೆ ಮಾಡಲಿಲ್ಲ. ನನ್ನ ತಲೆಯಲ್ಲಿ ಏಳು ಸೀಟು ಅಂದರೆ ಬೇರೆಯೇ ಚಿತ್ರ ಇತ್ತು.

ನಮ್ಮ ಸುಮೋ ನೆನಪು ಮಾಡಿಕೋ. ಮದುವೆಯಾದ ಹೊಸತರಲ್ಲಿ ನಿನ್ನನ್ನು ಕೆ.ಆರ್.ಎಸ್.ಗೆ ಕರೆದುಕೊಂಡು ಹೋಗುತ್ತೇನೆ, ಕಾರಂಜಿ ತೋರಿಸುತ್ತೇನೆ ಎಂದಿದ್ದೆ. ನಾವಿಬ್ಬರೇ ಎಂದು ನೀನು ಹೊಸ ಸೀರೆ ಉಟ್ಟು ಬಂದೆ. ಗಾಡಿ ತೆಗೆಯುವಷ್ಟರಲ್ಲಿ ಗಾಡಿ ತುಂಬಿತ್ತು. ಮುಂದೆ ಚಿಕ್ಕಪ್ಪ, ನಡುವೆ ಅತ್ತೆಯರು, ಹಿಂದೆ ಎದುರುಬದುರು ಸೀಟಿನಲ್ಲಿ ಊರಿನ ಮಕ್ಕಳು, ಪುಳಿಯೋಗರೆ ಪಾತ್ರೆ, ನೀನು. ದಾರಿಯಲ್ಲಿ ನಿನಗೆ ವಾಂತಿಯಾಯಿತು. ನಾನು ಕನ್ನಡಿಯಲ್ಲಿ ನೋಡಿದೆ, ಅಷ್ಟೇ. ಮುಂದಿನ ಸೀಟು ಖಾಲಿ ಮಾಡಿಸಿ ನಿನ್ನನ್ನು ಕೂರಿಸೋಣ ಎಂದು ಯಾರಿಗೂ ಅನ್ನಿಸಲಿಲ್ಲ, ಗಾಡಿ ಇರುವ ಮನೆಯ ಸೊಸೆ ಹಿಂದೆಯೇ ಕೂರಬೇಕು, ಬಂದವರು ಮುಂದೆ ಕೂರಬೇಕು, ನಮ್ಮ ಕಡೆ ಹಾಗೇ ನಡೆದುಕೊಂಡು ಬಂದಿದೆ. ಅವತ್ತಿನಿಂದ ಸುಮೋ ಮಾರುವ ತನಕ ಒಂದು ಸಲವಾದರೂ ನೀನು ನನ್ನ ಪಕ್ಕ ಕೂತಿದ್ದು ನನಗೆ ನೆನಪಿಲ್ಲ.

ಊರಿಗೊಂದೇ ದೊಡ್ಡ ಗಾಡಿ ಎಂದಮೇಲೆ ಅದು ಊರಿನದೇ. ಬೀಗರೂಟಕ್ಕೆ ನಾಗಮಂಗಲ, ಹೆಣ್ಣು ನೋಡಲು ಕಿಕ್ಕೇರಿ, ಯಾರಾದರೂ ಸತ್ತರೆ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ. ನಾನೂ ಬೇಡ ಅನ್ನಲಿಲ್ಲ, ಅನ್ನಲು ಬರುವುದೂ ಇಲ್ಲ. ಆದರೆ ಹೆರಿಗೆ ನೋವು ಬಂದ ಹೆಂಗಸರನ್ನು ಆಸ್ಪತ್ರೆಗೆ ಸಾಗಿಸುವಾಗ ಬರೀ ನನ್ನನ್ನು ಕರೆಯುತ್ತಿರಲಿಲ್ಲ, ನಿನ್ನನ್ನೂ ಕರೆಯುತ್ತಿದ್ದರು. ಅವರ ತಲೆ ತೊಡೆಯ ಮೇಲೆ ಇಟ್ಟುಕೊಂಡು, "ಉಸ್ರು ಬುಡವ್ವ, ಇನ್ನೇನು ಬಂದ್ಬುಡ್ತು ಆಸ್ಪತ್ರೆ, ಇದೋ ಕಾಣ್ತಾ ಅದೆ" ಎಂದು ಸುಳ್ಳು ಹೇಳಿಕೊಂಡು ನೀನು ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದೆ. ಅವರಿಗೆ ಹೇಳುತ್ತಿದ್ದ ಆ ಮಾತಿಗೆ ನಾನು ಎಷ್ಟು ಸಲ ಗಾಡಿ ಜೋರು ಮಾಡಿದ್ದೇನೋ.

ಈಗ ಚಿನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಪಕ್ಕದ ಮನೆಯ ದಾಸಯ್ಯನ ಸೊಸೆ ಚಿನ್ನುಗೆ ನೋವು ಬಂದಾಗ ಆಂಬುಲೆನ್ಸು ಬೇರೆ ಕಡೆ ಹೋಗಿತ್ತು. ಪಾಂಡವಪುರದ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ಮುಗಿಯುವುದೇ ಇಲ್ಲವೇನೋ ಎನ್ನುವ ಹಾಗೆ ಹೋಗುತ್ತಿತ್ತು. ಆ ಗೇಟಿನ ಮುಂದೆಯೇ ಮಗು ಹುಟ್ಟಿತು. ದಾಸಯ್ಯನ ಹೆಂಡತಿ ಗಾಬರಿಯಲ್ಲಿ ಕೆಳಗಿಳಿದು ಅಳುತ್ತಾ ನಿಂತಿದ್ದಳು. ಮಗುವನ್ನು ಹಿಡಿದುಕೊಂಡವಳು ನೀನು, ಒರೆಸಿ ಸುತ್ತಿದ್ದು ನಿನ್ನ ಸೆರಗಿನಲ್ಲಿ. ಅದು ಅತ್ತಾಗ ನೀನು, "ರೀ, ಅತ್ತುತು ಕಣ್ರೀ, ಅತ್ತುತು" ಎಂದು ಕೂಗಿದೆ. ನಾನು ಹಿಂತಿರುಗಿ ನೋಡಲಿಲ್ಲ. ಗೇಟು ನೋಡುತ್ತಾ ಕೂತಿದ್ದೆ, ಕಣ್ಣೀರು ಬರುತ್ತಿತ್ತು.

ಅದೇ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನಮ್ಮನ್ನೂ ಕರೆದಿದ್ದರು. ನಾನು ಗಂಡಸರ ಜೊತೆ ಜಗುಲಿಯ ಮೇಲೆ ಕೂತಿದ್ದೆ, ಬಾಗಿಲಿನಿಂದ ಒಳಗೆಲ್ಲ ಕಾಣುತ್ತಿತ್ತು. ಮುತ್ತೈದೆಯರು ತೊಟ್ಟಿಲ ಸುತ್ತ ನಿಂತು ಮಗುವನ್ನು ಕೈಯಿಂದ ಕೈಗೆ ದಾಟಿಸಲು ಶುರು ಮಾಡಿದರು. ನೀನೂ ಮುಂದೆ ಬಂದೆ, ಕೈ ಚಾಚುವವಳಿದ್ದೆ. ಅಷ್ಟರಲ್ಲಿ ದಾಸಯ್ಯನ ಹೆಂಡತಿ, "ಸುನಿತಾ, ಒಲೆ ಮ್ಯಾಲೆ ಪಾಯ್ಸ ಇಟ್ಟಿವ್ನಿ, ಸೀದೋಯ್ತದೆ, ಒಸಿ ನೋಡ್ಕಳವ್ವ," ಎಂದಳು. ಪಾಯಸ ಆಗಲೇ ಇಳಿಸಿ ಹೊರಗೆ ಶಾಮಿಯಾನದ ಕೆಳಗೆ, ನನ್ನ ಪಕ್ಕದಲ್ಲೇ ಇಟ್ಟಿದ್ದರು. ನೀನು "ಊಂ ಅಕ್ಕ" ಎಂದು ಒಳಗೆ ಹೋದೆ. ಅಲ್ಲಿ ಏನೂ ಇಲ್ಲದ ಒಲೆಯ ಮುಂದೆ ಎಷ್ಟು ಹೊತ್ತು ನಿಂತಿದ್ದೆಯೋ ನನಗೆ ಗೊತ್ತಿಲ್ಲ. ಚಿನ್ನು ತಲೆ ತಗ್ಗಿಸಿಕೊಂಡು ಕೂತಿದ್ದಳು. ನಾನು ಊಟ ಮಾಡದೆ ಎದ್ದು ಬಂದು ಸುಮೋ ತೊಳೆಯುತ್ತಾ ಕೂತೆ. ನೀನು ಮನೆಗೆ ಬಂದು, ಊಟ ಚೆನ್ನಾಗಿತ್ತು, ನೀವು ಯಾಕೆ ಬಂದುಬಿಟ್ಟಿರಿ ಎಂದು ಕೇಳಿದೆ. ಪಾಯಸದ ಮಾತು ಇಬ್ಬರೂ ಎತ್ತಲಿಲ್ಲ.

ಅವತ್ತೇ ನನಗೆ ದೊಡ್ಡ ಗಾಡಿಯ ಮೇಲೆ ಮನಸ್ಸು ಮುರಿದಿದ್ದು. ಹೊರಲು ಬೇಕು, ಹೆರಿಗೆಗೆ ಬೇಕು, ತೊಟ್ಟಿಲಿಗೆ ಬೇಡ. ಏಳು ಸೀಟಿನದು ತಂದರೆ ಮತ್ತೆ ನೀನು ಹಿಂದೆ, ಯಾರದೋ ತಲೆ ನಿನ್ನ ತೊಡೆಯ ಮೇಲೆ. ಬಿಳೀ ಕಾರನ್ನು ಬಿಟ್ಟಿದ್ದೂ ಅದಕ್ಕೇ, ಅದು ಸ್ವಲ್ಪ ಚಿಕ್ಕ ಸುಮೋ ಅಷ್ಟೇ.

ಇಷ್ಟೇ ಆಗಿದ್ದರೆ ನಿನ್ನನ್ನು ಕೇಳಿಯೇ ತರುತ್ತಿದ್ದೆ. ಇನ್ನೊಂದು ಇದೆ. ಅದನ್ನು ನಿನಗೆ ತಿಳಿಯದ ಹಾಗೆ ಇಟ್ಟುಕೊಂಡೆ, ತಿಳಿದರೆ ನೀನು ಕುಗ್ಗಿಹೋಗುತ್ತೀಯ ಎಂದು. ಈಗ ಅದನ್ನು ಹೇಳದಿದ್ದರೆ ಈ ಕಾರು ನಿನಗೆ ಯಾವತ್ತೂ ಅರ್ಥವಾಗುವುದಿಲ್ಲ.

ನಾಗಮಂಗಲದಿಂದ ಕುಳ್ಳಮ್ಮತ್ತೆ ಬಂದು ಎರಡು ದಿನ ಇದ್ದಳಲ್ಲ, ನೀನು ನಾಟಿಕೋಳಿ ಸಾರು ಮಾಡಿ ಬಡಿಸಿದೆ. ಆ ಸಂಜೆ ನೀನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ನನ್ನನ್ನು ಜಗುಲಿಯ ಮೇಲೆ ಕೂರಿಸಿಕೊಂಡಳು. ಅಪ್ಪ ಹೋದ ಮೇಲೆ ಆ ಅತ್ತೆಯ ಮಾತು ನಮ್ಮ ಮನೆಯಲ್ಲಿ ಯಾರೂ ಮೀರಿದ್ದಿಲ್ಲ, ನಿನಗೇ ಗೊತ್ತು. "ನಿಂಗರಾಜ, ದೊಡ್ಡ ಕಾರೇ ತಗೊ ಮಗ. ನಮ್ ಕಡೆ ಒಂದು ಎಣ್ಣವ್ಳೆ, ಬಡೋರ ಮನೆದು, ಮಾತಾಡಿವ್ನಿ. ಸುನಿತನ್ನ ಬುಡು ಅನ್ನಕಿಲ್ಲ ನಾನು, ಅವ್ಳೂ ಇರ್ಲಿ, ಒಳ್ಳೆವ್ಳು. ಏಳು ಸೀಟಿದ್ರೆ ಎಲ್ಲಾರೂ ಇಡಿಸ್ತಾರೆ," ಎಂದಳು. ಅವ್ವ ಪಕ್ಕದಲ್ಲೇ ಇದ್ದಳು. ಹೌದು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ, ಎಲೆಗೆ ಸುಣ್ಣ ಸವರುತ್ತಾ ಕೂತಿದ್ದಳು. ಕೊಟ್ಟಿಗೆಯಿಂದ ನೀನು ಹಾಲು ಕರೆಯುವ ಸದ್ದು ಕೇಳುತ್ತಿತ್ತು. ಬಯ್ಯಬೇಕಿತ್ತು, ಏಳಬೇಕಿತ್ತು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳಿಗೆ ಎದುರಾಡಲು ನಾಲಗೆ ಹೊರಳಲಿಲ್ಲ. "ನೋಡಣ ಬುಡತ್ತೆ" ಎಂದು ಎದ್ದುಹೋದೆ. ಅವಳು ಅದನ್ನು ಅರ್ಧ ಒಪ್ಪಿಗೆ ಎಂದೇ ತಿಳಿದಳು.

ಮುಂದಿನ ವಾರ ಯಾವುದಾದರೂ ಚಿಕ್ಕ ಕಾರು ನೋಡಲೆಂದು ಕುಮಾರನನ್ನು ಕರೆದುಕೊಂಡು ಮೈಸೂರಿಗೆ ಹೋದೆ. ಹಳೇ ಕಾರು ಮಾರುವವನ ಅಂಗಳದ ಮೂಲೆಯಲ್ಲಿ ಇದು ನಿಂತಿತ್ತು. ಸುಮ್ಮನೆ ನೋಡುತ್ತಿದ್ದೆ. ಅಲ್ಲಿಯ ಹುಡುಗ ಬಂದು, "ಸರ್, ಇದು ಫ್ಯಾಮಿಲಿಗೆ ಆಗಲ್ಲ, ಹಿಂದೆ ಸೀಟೇ ಇಲ್ಲ. ನೀವು, ಮೇಡಮ್ಮು, ಅಷ್ಟೇ. ಮೂರನೆಯವರು ಬಂದರೆ ಜಾಗ ಇಲ್ಲ," ಎಂದ. ಆ ಕಾರಿನ ಕೊರತೆ ಹೇಳುತ್ತಿದ್ದೇನೆ ಎಂದುಕೊಂಡಿದ್ದ ಪಾಪ. ಅತ್ತೆಗೆ ಹೇಳಲು ನನಗೆ ಬಾರದೆ ಹೋದ ಮಾತನ್ನು ಅವನು ಅಷ್ಟು ಸಲೀಸಾಗಿ ಹೇಳಿಬಿಟ್ಟಿದ್ದ. ಕುಮಾರ ಪಕ್ಕದಿಂದ, "ಅಣ್ಣ, ತಲೆ ಕೆಟ್ಟದಾ? ಇದು ನಮ್ಮೂರ ಹಂಪು ದಾಟಕಿಲ್ಲ" ಅನ್ನುತ್ತಲೇ ಇದ್ದ. ನಾನು ಅಡ್ವಾನ್ಸು ಕೊಟ್ಟುಬಿಟ್ಟೆ.

ಕಾರು ಮನೆಗೆ ಬಂದಾಗ ನೀನು ಕೊಟ್ಟಿಗೆಗೆ ಹೋದ ಮೇಲೆ ಏನಾಯಿತು ಎಂದು ನಿನಗೆ ಗೊತ್ತಿಲ್ಲ. ಸುದ್ದಿ ತಿಳಿದು ಕುಳ್ಳಮ್ಮತ್ತೆಯೂ ಬಂದಿದ್ದಳಲ್ಲ, ಕಾರಿನೊಳಗೆ ಬಗ್ಗಿ ನೋಡಿ, "ಎರಡೇನಾ?" ಎಂದಳು. "ಊಂ ಅತ್ತೆ. ನಂಗೊಂದು, ಸುನಿತಂಗೊಂದು. ಇನ್ನೊಬ್ರಿಗೆ ಜಾಗ ಇಲ್ಲ, ಮಾಡ್ಸಕ್ಕೂ ಆಗಕಿಲ್ಲ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಊಟಕ್ಕೂ ನಿಲ್ಲದೆ ಹೊರಟಳು, ಇವತ್ತಿನ ತನಕ ಫೋನು ಮಾಡಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಒಬ್ಬರಿಗೆ ಇಲ್ಲ ಎಂದಿದ್ದೆ, ಅದನ್ನು ನಿನಗೆ ಹೇಳೋಣ ಎಂದು ಕೊಟ್ಟಿಗೆಗೆ ಬಂದರೆ ನೀನು ಬೆನ್ನು ತಿರುಗಿಸಿ ಸಗಣಿ ಬಾಚುತ್ತಿದ್ದೆ. ಇವಳಿಗೆ ಬಣ್ಣ ಹಿಡಿಸಲಿಲ್ಲವೇನೋ ಎಂದುಕೊಂಡು ಹೊರಗೆ ಬಂದೆ. ಅತ್ತೆಗೆ ಹೇಳಬೇಕಾದದ್ದನ್ನು ಅಷ್ಟು ಚೆನ್ನಾಗಿ ಹೇಳಿದವನಿಗೆ ನಿನಗೆ ಅದು ಹೇಗೆ ಕೇಳಿಸುತ್ತದೆ ಎಂಬ ಯೋಚನೆಯೇ ಬರಲಿಲ್ಲ. ನನ್ನನ್ನು ಬಯ್ಯುವುದಾದರೆ ಇದಕ್ಕೆ ಬಯ್ಯಿ, ಒಪ್ಪಿಕೊಳ್ಳುತ್ತೇನೆ.

ಈಗ ಕಾರಿನ ಪಾಡು ಕೇಳು. ಹಂಪು ಬಂದರೆ ಇಳಿದು ನೋಡಿ, ಓರೆಯಾಗಿ ಹತ್ತಿಸಿ, ಆದರೂ ಕೆಳಗೆ ಕರ್ರೆಂದು ಉಜ್ಜುತ್ತದೆ. ಕಬ್ಬಿನ ಟ್ರಾಕ್ಟರಿನ ಹಿಂದೆ ಸಿಕ್ಕಿದರೆ ಟ್ರೈಲರಿನ ಚಕ್ರ ಬಿಟ್ಟು ಬೇರೇನೂ ಕಾಣುವುದಿಲ್ಲ. ಅವ್ವ ಒಂದು ಸಲ ಕೂತು, "ನೆಲದ್ ಮ್ಯಾಲೆ ಕುಂತಂಗಾಯ್ತದೆ, ಇದ್ಕೆ ಅಷ್ಟು ದುಡ್ಡಾ?" ಎಂದು ಇಳಿದುಹೋದಳು. ಬೆಳಿಗ್ಗೆ ಬಾಗಿಲು ತಟ್ಟುವವರಿಲ್ಲ, ಗಾಡಿ ಐತಾ ನಿಂಗರಾಜಣ್ಣ ಅನ್ನುವವರಿಲ್ಲ. ಇಷ್ಟು ವರ್ಷ ಇದಕ್ಕೇ ಬಾಯಿ ಬಿಟ್ಟುಕೊಂಡಿದ್ದೆ. ಈಗ ಆ ನೆಮ್ಮದಿ ಬಂದಿದೆ, ನೀನಿಲ್ಲದೆ ಅದನ್ನು ಏನು ಮಾಡಬೇಕು ಎಂದು ತಿಳಿಯದೆ ಹಾಲಿನ ಕ್ಯಾನು ಪಕ್ಕದ ಸೀಟಿನಲ್ಲಿ ಇಟ್ಟುಕೊಂಡು ಡೈರಿಗೆ ಹೋಗಿ ಬರುತ್ತೇನೆ. ಊರು ನಗುತ್ತದೆ, ನಗಲಿ.

ನಿನ್ನೆ ಅವ್ವ ಮುದ್ದೆ ಬಡಿಸುತ್ತಾ ತಾನಾಗಿಯೇ, "ಕುಳ್ಳಿ ಅಂಗಂದಾಗ ನಾನು ಬಾಯ್ ಬುಡ್ಬೇಕಿತ್ತು ಕಣ್ಲಾ. ನಂಗೂ ಆಸೆ ಇತ್ತು, ಅದ್ಕೇ ಸುಮ್ಕಾದೆ. ಓಗಿ ಕರ್ಕಂಡ್ ಬಾ," ಎಂದಳು. ಹೇಳಿ ಅತ್ತಳು.

ಮಗುವಿನ ವಿಷಯ ಬಾಯಿಬಿಟ್ಟು ಹೇಳಿಬಿಡುತ್ತೇನೆ. ನನಗೆ ಆಸೆ ಹೋಗಿಲ್ಲ ಸುನಿತಾ. ಆದರೆ ಸುಸ್ತಾಗಿದೆ. ಮೈಸೂರಿನ ಆಸ್ಪತ್ರೆಯ ಬೆಂಚು, ಆ ಸೂಜಿ, ಪ್ರತಿ ಸಲ ವಾಪಸು ಬರುವಾಗ ನೀನು ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆ ನೋಡುವುದು, ಮನೆಗೆ ಬಂದ ತಕ್ಷಣ ಏನೂ ಆಗದವಳ ಹಾಗೆ ರಾಗಿ ಹಿಟ್ಟಿಗೆ ಕೈ ಹಾಕುವುದು, ಇದನ್ನು ನೋಡಿ ನೋಡಿ ಸುಸ್ತಾಗಿದೆ. ನಿನಗೆ ಇನ್ನೂ ಒಂದು ಸಲ ನೋಡೋಣ ಎಂದಿದ್ದರೆ ಹೇಳು, ಬರುತ್ತೇನೆ, ಬಸ್ಸಿನಲ್ಲಾದರೂ ಬರುತ್ತೇನೆ. ಸಾಕು ಎನ್ನಿಸಿದರೆ ಅದನ್ನೂ ಹೇಳು, ಇಬ್ಬರೂ ಸಾಕು ಮಾಡೋಣ. ಮುಗಿಯಿತೋ ಇಲ್ಲವೋ ಎಂದು ನೀನೇ ಹೇಳಬೇಕು. ನಾನು ಹೇಳುವುದಿಲ್ಲ, ಊರೂ ಹೇಳಬಾರದು, ಕಾರಂತೂ ಹೇಳಲೇಬಾರದು.

ಬರುವ ಭಾನುವಾರ ಬೆಳಿಗ್ಗೆ ಹೊಸಹೊಳಲಿಗೆ ಬರುತ್ತೇನೆ. ನಿಮ್ಮ ಬೀದಿಯ ಮಕ್ಕಳೆಲ್ಲ ಸುತ್ತಿಕೊಳ್ಳುತ್ತಾರೆ, ಅದಕ್ಕೆ ಗುಡಿಯ ಹತ್ತಿರವೇ ನಿಲ್ಲಿಸುತ್ತೇನೆ. ನಿನಗೆ ಮನಸ್ಸಿಲ್ಲದಿದ್ದರೆ ಹೊರಗೆ ಬರಬೇಡ, ನಿಮ್ಮಣ್ಣನ ಕೈಲಿ ಒಂದು ಲೋಟ ಕಾಫಿ ಕಳಿಸು, ಕುಡಿದು ಹೋಗಿ ಮತ್ತೊಂದು ಭಾನುವಾರ ಬರುತ್ತೇನೆ. ಬಂದರೆ ಮನೆಗೆ ನೇರ ಹೋಗುವುದು ಬೇಡ, ಕೆ.ಆರ್.ಎಸ್. ಹಿನ್ನೀರಿನ ಕಡೆ ಸುತ್ತಿ ಹೋಗೋಣ. ಅದಾದ ಮೇಲೂ ನಿನಗೆ ಏಳು ಸೀಟಿನದೇ ಬೇಕು ಅನ್ನಿಸಿದರೆ ಇದನ್ನು ಕೊಟ್ಟು ಅದನ್ನೇ ತರುತ್ತೇನೆ, ಆಣೆಗೂ ಬೇಜಾರಿಲ್ಲ. ಯಾರನ್ನು ಬೇಕಾದರೂ ಹತ್ತಿಸಿಕೊಳ್ಳೋಣ, ಚಿನ್ನುವಿನ ಮಗುವನ್ನೂ ಹತ್ತಿಸಿಕೊಳ್ಳೋಣ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಮುಂದಿನ ಸೀಟಿನಲ್ಲಿ ನೀನೇ ಕೂರಬೇಕು. ಹಿಂದಿನ ಐದೂ ಸೀಟು ನಮ್ಮ ಜೀವಮಾನವೆಲ್ಲ ಖಾಲಿ ಇದ್ದರೆ ಖಾಲಿಯೇ ಇರಲಿ. ನಾನು ಕನ್ನಡಿ ನೋಡುವುದಿಲ್ಲ, ನಿನ್ನನ್ನು ನೋಡಿಕೊಂಡು ಗಾಡಿ ಓಡಿಸುತ್ತೇನೆ.

ನಿಮ್ಮಪ್ಪ ದ್ಯಾವಯ್ಯ ಮಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕಣ್ಣಿಗೆ ನಿದ್ದೆ ಹತ್ತಲಿ, ಮನಸ್ಸು ತಣ್ಣಗಿರಲಿ, ನಿನ್ನ ಮೇಲೆ ಬಿದ್ದ ಮಾತೆಲ್ಲ ನನಗೆ ತಾಗಲಿ.

ನಿನ್ನ ಪಕ್ಕದವನು,
ನಿಂಗರಾಜು